ಬೆಕ್ಕಿಗೆ ತಿಳಿಯದ ಹಾಗೆ ಕ್ಯಾಟ್‌ಮಿಂಟ್ ಬಿತ್ತಿ

ಈ ಮಿಶಿಗನ್ ಚಳಿಯಲ್ಲಿ ತುಳಸಿಯನ್ನು ಅಂಗಳದಲ್ಲಿ ಬಿಟ್ಟರೆ ಮೊದಲ ಫ್ರಾಸ್ಟಿಗೇ, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿಗೇ, ಕಪ್ಪಾಗಿ ಹೋಗುತ್ತದೆ. ಅದರದೇ ಬಳಗದ, ಬೆಕ್ಕುಗಳಿಗೆ ಬಲು ಇಷ್ಟವಾದ ನೀಲಿ ಹೂವಿನ ಕ್ಯಾಟ್‌ಮಿಂಟ್ ಹಾಗಲ್ಲ. ಹಿಮದಡಿಯಲ್ಲಿ ಬೇರು ಜೀವ ಹಿಡಿದುಕೊಂಡಿದ್ದು, ವಸಂತ ಬರುತ್ತಲೇ ಬುಡದಿಂದ ಬೂದುಹಸಿರು ಚಿಗುರು ಏಳುತ್ತದೆ. ಕಾಂಡವನ್ನು ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿ, ತುಳಸಿ ಕಡ್ಡಿಯ ಹಾಗೇ ನಾಲ್ಕು ಮೂಲೆ ಕೈಗೆ ಹತ್ತುತ್ತದೆ. ವರ್ಷ ವರ್ಷ ಹೊಸದಾಗಿ ನೆಡಲು ಮೈಯಲ್ಲಿ ಶಕ್ತಿ ಇಲ್ಲದವರಿಗೆ ಇದರಂಥ ಗಿಡ ಇನ್ನೊಂದಿಲ್ಲ.

ಬೀಜ ಕೊಳ್ಳುವಾಗಲೇ ಎಚ್ಚರ ಬೇಕು. 2007ರಲ್ಲಿ ಇಲ್ಲಿನ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್ ವರ್ಷದ ಗಿಡ ಎಂದು ಆರಿಸಿದ ‘ವಾಕರ್ಸ್ ಲೋ’ ಎಂಬ ಕ್ಯಾಟ್‌ಮಿಂಟ್ ತಳಿಯನ್ನು ಕೇಳಿಕೊಂಡು ಹೋಗುವವರೇ ಹೆಚ್ಚು. ಅದನ್ನು ಬೀಜದಿಂದ ಬೆಳೆಸಲು ಬರುವುದಿಲ್ಲ. ಬುಡ ಸೀಳಿಯೋ ಕಡ್ಡಿ ನೆಟ್ಟೋ ಮಾಡಬೇಕು. ಬಿತ್ತುವುದಾದರೆ ನೆಪೆಟಾ ರೆಸಿಮೋಸಾ ಎಂಬ ಜಾತಿಯ ಕ್ಯಾಟ್‌ಮಿಂಟ್ ಬೀಜ ಕೊಳ್ಳಿ. ಕೆಲವು ಪೊಟ್ಟಣಗಳ ಮೇಲೆ ಮುಸ್ಸಿನಿಯೈ ಎಂಬ ಹಳೆಯ ಹೆಸರೇ ಇರುತ್ತದೆ. ಕಟಾರಿಯಾ ಅಂತ ಇದ್ದರೆ ಅದು ಕ್ಯಾಟ್‌ನಿಪ್, ಬಿಳಿ ಹೂವಿನ ಎತ್ತರದ ಗಿಡ.

ನಮ್ಮ ಕಡೆ ಫ್ರಾಸ್ಟಿನ ಭಯ ಮೇ ಮಧ್ಯದವರೆಗೂ ಇರುವುದರಿಂದ ನಾನು ಮಾರ್ಚ್ ಕೊನೆಗೆ ಮನೆಯೊಳಗೇ ಬಿತ್ತುತ್ತೇನೆ. ಬೀಜ ರಾಗಿಯಷ್ಟೇ ಪುಟ್ಟದು. ಸೊಪ್ಪಿನ ಬೀಜಕ್ಕೆ ಮಾಡುವ ಹಾಗೆ ಒಂದು ಚಮಚ ಒಣ ಮರಳು ಬೆರೆಸಿ ಎರಚಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಮೇಲೆ ಮಣ್ಣು ಉದುರಿಸಿದಂತೆ ಮಾಡಿದರೆ ಸಾಕು, ಹೂಳಬೇಡಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ, ಕೆಲವೊಮ್ಮೆ ಮೂರನೆಯ ವಾರಕ್ಕೂ ಹೋಗುತ್ತದೆ. ಅಲ್ಲಿಯವರೆಗೆ ಕೆದಕಿ ನೋಡುವ ಆಸೆ ತಡೆದುಕೊಳ್ಳಿ.

ನೀರಿನ ಮಾತು ಬಹಳ ಮುಖ್ಯ. ಮೊದಲ ವರ್ಷ ನಾನು ದಿನಾ ಬೆಳಿಗ್ಗೆ ಸಂಜೆ ಮೇಲಿನಿಂದ ನೀರು ಚಿಮುಕಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಟ್ರೇ ತುಂಬ ಸಸಿಗಳು ಮಲಗಿಬಿಟ್ಟಿದ್ದವು. ಎಲೆ ಇನ್ನೂ ಹಸಿರು, ಮಣ್ಣಿಗೆ ತಾಗುವ ಕಡೆ ಮಾತ್ರ ಕಾಂಡ ಕೊಳೆತು ದಾರದಂತಾಗಿತ್ತು. ಎಷ್ಟು ಸಂಕಟವಾಯಿತೆಂದರೆ ಎರಡು ದಿನ ಆ ಕಿಟಕಿಯ ಹತ್ತಿರ ಹೋಗಲಿಲ್ಲ. ಈಗ ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು, ಮಣ್ಣಿನ ಮೇಲ್ಮೈ ಬಣ್ಣ ಗಾಢವಾದ ಕೂಡಲೇ ಎತ್ತಿಬಿಡುತ್ತೇನೆ. ಮತ್ತೆ ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ನಾಲ್ಕು ಬೆರಳೆತ್ತರ ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ.

ಫ್ರಾಸ್ಟ್ ಕಳೆದ ಮೇಲೆ ಒಂದು ವಾರ ಹಗಲು ಹೊತ್ತು ಹೊರಗಿಟ್ಟು ಅಭ್ಯಾಸ ಮಾಡಿಸಿ, ಆಮೇಲೆ ನೆಡಿ. ಬಿಸಿಲು ಚೆನ್ನಾಗಿರಲಿ, ನೀರು ನಿಲ್ಲದಿರಲಿ. ಗೊಬ್ಬರ ಬೇಡವೇ ಬೇಡ. ಕೊಬ್ಬಿದ ಗಿಡ ನಡುವೆ ಬಾಯಿಬಿಟ್ಟು ಸುತ್ತ ಬೀಳುತ್ತದೆ. ಗಿಡಗಿಡಕ್ಕೆ ಒಂದೂವರೆ ಅಡಿ ಜಾಗ ಬಿಡಿ.

ಇನ್ನು ಬೆಕ್ಕು. ನೆಟ್ಟರೆ ಬೆಕ್ಕು ತಿನ್ನುತ್ತದೆ, ಬಿತ್ತಿದರೆ ಬೆಕ್ಕಿಗೆ ತಿಳಿಯುವುದಿಲ್ಲ ಎಂದು ಇಂಗ್ಲೆಂಡಿನ ಹಳೇ ತೋಟಗಾರರು ಹೇಳುತ್ತಿದ್ದರಂತೆ. ನಿಜವಾದ ಮಾತು. ನೆಡುವಾಗ ಎಲೆ ಜಜ್ಜಿದರೆ ಬೆಕ್ಕನ್ನು ಸೆಳೆಯುವ ವಾಸನೆ ಜೋರಾಗಿ ಹೊರಬೀಳುತ್ತದೆ. ಹಾಗಾಗಿ ಸಸಿಯನ್ನು ಎಲೆ ಹಿಡಿದು ಎಳೆಯಬೇಡಿ, ಬೇರಿನ ಮಣ್ಣಿನ ಸಮೇತ ಅಂಗೈಮೇಲೆ ಎತ್ತಿ ಗುಣಿಯಲ್ಲಿಡಿ. ಆದರೂ ಮೊದಲ ತಿಂಗಳು ಕೋಳಿ ಜಾಲರಿಯನ್ನು ಬುಟ್ಟಿಯಂತೆ ಬಗ್ಗಿಸಿ ಮುಚ್ಚುವುದು ಕ್ಷೇಮ. ಪಕ್ಕದ ಮನೆಯ ಬೆಕ್ಕು ಇದರ ಮೇಲೆ ಹೊರಳಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಪಾಪ, ಅದಕ್ಕೂ ತಡೆಯಲಾಗುವುದಿಲ್ಲ. ಜಿಂಕೆ, ಮೊಲ ಮಾತ್ರ ಇದೇ ವಾಸನೆಗೆ ಸಾಮಾನ್ಯವಾಗಿ ದೂರವೇ.

ಮೊದಲ ಸುತ್ತಿನ ನೀಲಿ ಹೂ ಮಾಸಿದಾಗ ಧೈರ್ಯವಾಗಿ ಗಿಡವನ್ನು ಅರ್ಧಕ್ಕೆ ಕತ್ತರಿಸಿ. ಎದೆ ಝಲ್ಲೆನ್ನುತ್ತದೆ, ಆದರೆ ಕೆಲವೇ ವಾರದಲ್ಲಿ ಮತ್ತೆ ಹೂ ಬಂದು ಜೇನು ಮುತ್ತುತ್ತದೆ. ನಾಲ್ಕು ಕಡ್ಡಿ ಮಾತ್ರ ಬೀಜಕ್ಕೆ ಬಿಡಿ. ಒಣಗಿದ ಮೇಲೆ ತುಳಸಿ ಕದಿರು ಉಜ್ಜಿದ ಹಾಗೆ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಗದದ ಪೊಟ್ಟಣ ಕಟ್ಟಿ ಮೇಲೆ ವರ್ಷ ಬರೆದಿಡಿ.