ಸ್ಕ್ವಾಟ್‌ಗೆ ಮುಂಚೆ ಆಡಿಸಿ, ಆಮೇಲೆ ಎಳೆಯಿರಿ

ಜಿಮ್‌ಗೆ ಬಂದ ತಕ್ಷಣ ಒಂದು ಕಾಲನ್ನು ಬೆಂಚ್ ಮೇಲಿಟ್ಟು, ಬಗ್ಗಿ, ಎರಡು ನಿಮಿಷ ಹಾಗೇ ಎಳೆದು ಹಿಡಿದು, ಆಮೇಲೆ ಸೀದಾ ಹೋಗಿ ಸ್ಕ್ವಾಟ್‌ಗೆ (ಬೆನ್ನ ಮೇಲೆ ಭಾರದ ಬಾರ್ ಹೊತ್ತು ಕೂತು ಏಳುವ ವ್ಯಾಯಾಮ) ಬಾರ್ ಹೊರುವವರನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ಅದರ ಬಲ ತಗ್ಗುತ್ತದೆ. ಭಾರ ಎತ್ತುವ ಮುಂಚೆ ಯಾರಿಗೆ ಬೇಕು ಅದು?

ಮೊದಲು ಐದು ನಿಮಿಷ ಚುರುಕಾಗಿ ನಡೆಯಿರಿ ಇಲ್ಲವೇ ಸೈಕಲ್ ತುಳಿಯಿರಿ, ಮೈ ಬಿಸಿಯಾಗಲಿ. ಗೋಡೆ ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ, ಪಕ್ಕಕ್ಕೆ ಹತ್ತು ಸಲ ಬೀಸಿ.

ಈಗ ಪಾದದ ಗಿಣ್ಣು. ಕೆಳಗೆ ಕೂರುವಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಸೊಂಟ ಬಿಗಿ ಅಂತ ಸುಮ್ನೆ ಅದರ ಹಿಂದೆ ಬೀಳುತ್ತೇವೆ, ಆದರೆ ತುಂಬಾ ಸಲ ಅಡ್ಡಿ ಇರುವುದು ಗಿಣ್ಣಿನಲ್ಲೇ. (ಗರಡಿ ಮನೆಯ ಬಸ್ಕಿಯಲ್ಲಿ ಹಿಮ್ಮಡಿ ಎತ್ತಿಯೇ ಕೂರುತ್ತಾರೆ, ಅದರ ಲೆಕ್ಕ ಬೇರೆ. ಬೆನ್ನ ಮೇಲೆ ಬಾರ್ ಇದ್ದಾಗ ಹಿಮ್ಮಡಿ ನೆಲ ಬಿಡಬಾರದು.) ಶೂ ಬಿಚ್ಚಿ, ಗೋಡೆಗೆ ಎದುರಾಗಿ ಒಂದು ಮಂಡಿ ನೆಲಕ್ಕೆ ಊರಿ. ಮುಂದಿನ ಕಾಲಿನ ಹೆಬ್ಬೆರಳು ಗೋಡೆಯಿಂದ ಸುಮಾರು 10 ಸೆಂ.ಮೀ. ದೂರ ಇರಲಿ. ಹಿಮ್ಮಡಿ ಎತ್ತದೆ ಆ ಕಾಲಿನ ಮಂಡಿಯನ್ನು ಗೋಡೆಗೆ ಮುಟ್ಟಿಸಿ ನೋಡಿ. ಮುಟ್ಟಲಿಲ್ವಾ? ಪಾದವನ್ನು ಸ್ವಲ್ಪ ಹತ್ತಿರ ತಂದು, ಮುಟ್ಟುವ ಜಾಗದಿಂದ ಶುರು ಮಾಡಿ, ಒಂದೊಂದು ಕಾಲಿಗೆ ಹತ್ತು ಸಲ ನಿಧಾನವಾಗಿ. ಮಂಡಿ ಒಳಗೆ ವಾಲದೆ ಕಿರುಬೆರಳಿನ ಕಡೆ ಹೋಗಲಿ, ಇಲ್ಲದಿದ್ದರೆ ಪಾದ ಚಪ್ಪಟೆಯಾಗಿ ಕುಸಿದು ಗಿಣ್ಣು ಬಗ್ಗಿದ ಹಾಗೆ ಕಾಣುತ್ತದೆ ಅಷ್ಟೇ. ಹಿಂದೆ ಮೀನಖಂಡದಲ್ಲಿ ಎಳೆತ ಸಿಕ್ಕರೆ ಒಳ್ಳೆಯದು. ಗಿಣ್ಣಿನ ಮುಂಭಾಗದಲ್ಲಿ ಚುಚ್ಚಿದರೆ ನಿಲ್ಲಿಸಿ, ನೋವು ಹೋಗದಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಆಮೇಲೆ ಕುಕ್ಕರಗಾಲಲ್ಲಿ ಕೂತು, ಮೊಣಕೈಯಿಂದ ಮಂಡಿಗಳನ್ನು ಹೊರಗೆ ಒತ್ತುತ್ತಾ ನಾಲ್ಕೈದು ಸಲ ಉಸಿರಾಡಿ ಎದ್ದೇಳಿ. ಖಾಲಿ ಬಾರ್‌ನಲ್ಲಿ ಒಂದು ಸೆಟ್ ಹೊಡೆದು ತೂಕ ಹಾಕಿಕೊಳ್ಳಿ. ಗಿಣ್ಣು ಸಡಿಲವಾಗಲು ವಾರಗಳೇ ಬೇಕು, ಅಲ್ಲಿಯವರೆಗೆ ಹಿಮ್ಮಡಿ ಕೆಳಗೆ ಬಾರ್‌ಗೆ ಹಾಕುವ ತೆಳು ಪ್ಲೇಟ್ ಇಟ್ಟುಕೊಂಡರೆ ಏನೂ ತಪ್ಪಿಲ್ಲ. ವೇಟ್‌ಲಿಫ್ಟಿಂಗ್ ಶೂಗಳ ಹಿಮ್ಮಡಿ ಎತ್ತರ ಇರುವುದೂ ಇದಕ್ಕೇ.

ಎಳೆದು ಹಿಡಿಯುವ ಕೆಲಸ ವರ್ಕೌಟ್ ಮುಗಿದ ಮೇಲೆ. ಮೀನಖಂಡ, ತೊಡೆಯ ಹಿಂಭಾಗ, ಸೊಂಟದ ಮುಂಭಾಗ, ಒಂದೊಂದಕ್ಕೂ 30 ಸೆಕೆಂಡ್, ಎರಡು ಸಲ. ಇಡೀ ದಿನ ಕುರ್ಚಿಯಲ್ಲಿ ಕೂರುವವರು ಸೊಂಟದ್ದನ್ನು ಬಿಡಲೇಬೇಡಿ: ಒಂದು ಮಂಡಿ ಊರಿ, ಆ ಕಡೆಯ ಪೃಷ್ಠವನ್ನು ಬಿಗಿ ಮಾಡಿ ಸೊಂಟವನ್ನು ಸ್ವಲ್ಪವೇ ಮುಂದೆ ತನ್ನಿ. ಬೆನ್ನು ಬಿಲ್ಲಿನ ಹಾಗೆ ಬಾಗಿತೋ, ಎಳೆತ ಸೊಂಟಕ್ಕೆ ಸಿಗಲ್ಲ.

ಇದರಿಂದ ಮಾರನೇ ದಿನದ ಮೈಕೈ ನೋವು ಹೋಗುತ್ತದೆ ಅಂತ ಹೇಳುವವರಿದ್ದಾರೆ, ಅಂಥ ವ್ಯತ್ಯಾಸವೇನೂ ಆಗಲ್ಲ. ವಾರಕ್ಕೆ ಎರಡು ಮೂರು ದಿನ ಬಿಡದೆ ಮಾಡಿದರೆ ಮೈ ಬಗ್ಗುವುದಂತೂ ನಿಜ. ಮಂಡಿ ಗೋಡೆಗೆ ಮುಟ್ಟುವಾಗ ಹೆಬ್ಬೆರಳು ಎಷ್ಟು ದೂರ ಇತ್ತು ಅಂತ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ.