ಬೆಕ್ಕು ಚಾಕೊಲೇಟ್ ತಿಂದರೆ ಮಾಡಬೇಕಾದ್ದು, ಮಾಡಲೇಬಾರದ್ದು

ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ. ಹಾಗಾಗಿ ಅದು ಚಾಕೊಲೇಟ್ ಮೂಸಿಯೂ ನೋಡುವುದಿಲ್ಲ ಎಂದು ನಂಬಿದವರು ಬಹಳ ಮಂದಿ. ಆದರೆ ಬೆಕ್ಕನ್ನು ಸೆಳೆಯುವುದು ಹಾಲು, ಬೆಣ್ಣೆಯ ಜಿಡ್ಡು. ಕೇಕಿನ ಕ್ರೀಮನ್ನೋ ಐಸ್‌ಕ್ರೀಮಿನ ಬಟ್ಟಲನ್ನೋ ಅದು ನೆಕ್ಕಿ ಮುಗಿಸುತ್ತದೆ. ಆಮೇಲೆ ಮನೆಯವರ ಗಾಬರಿಯ ವೈದ್ಯ ಶುರುವಾಗುತ್ತದೆ. ಎಷ್ಟೋ ಸಲ ಚಾಕೊಲೇಟಿಗಿಂತ ಆ ವೈದ್ಯವೇ ಹೆಚ್ಚು ಕೆಡುಕು ಮಾಡುತ್ತದೆ.

1. ಉಳಿದದ್ದನ್ನು ಎತ್ತಿಡಿ, ಬೆಕ್ಕಿನ ಮೀಸೆ, ಪಾದಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಸುತ್ತಿದ್ದ ಕಾಗದವನ್ನು ಮಾತ್ರ ಎಸೆಯಬೇಡಿ.

2. ಏನು, ಎಷ್ಟು, ಯಾವಾಗ ಎಂದು ಬರೆದುಕೊಳ್ಳಿ. ವಿಷವಾಗುವುದು ಕೋಕೋದಲ್ಲಿರುವ ಥಿಯೋಬ್ರೊಮಿನ್, ಜೊತೆಗೆ ಒಂದಿಷ್ಟು ಕೆಫೀನ್. ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 20 ಮಿಲಿಗ್ರಾಂ ಹೊಟ್ಟೆ ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಶುರುವಾಗಬಹುದು. 40–50ಕ್ಕೆ ಹೃದಯದ ಬಡಿತ ತಾಳ ತಪ್ಪಬಹುದು. 60ರ ಆಚೆ ಫಿಟ್ಸ್ ಬರಬಹುದು. 4 ಕೆ.ಜಿ. ಬೆಕ್ಕಿಗೆ ಮೊದಲ ಗಡಿ 80 ಮಿಲಿಗ್ರಾಂ. ಹಾಲಿನ ಚಾಕೊಲೇಟಾದರೆ ಸುಮಾರು 40 ಗ್ರಾಂನಲ್ಲಿ ಅಷ್ಟಿರುತ್ತದೆ, ಡಾರ್ಕ್ ಆದರೆ 16 ಗ್ರಾಂ ಸಾಕು, ಸಿಹಿಯಿಲ್ಲದ ಕೋಕೋ ಪುಡಿಯಾದರೆ ಎರಡು ಟೀ ಚಮಚವೂ ಬೇಡ. ಬಿಳಿ ಚಾಕೊಲೇಟಿನಲ್ಲಿ ಈ ವಿಷ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದರ ಜಿಡ್ಡಿಗೆ ಹೊಟ್ಟೆ ಕೆಡಬಹುದು. ಈ ಲೆಕ್ಕ ಅಂದಾಜಿಗಷ್ಟೇ. ಗಡಿಗಿಂತ ಕಡಿಮೆ ಬಂತೆಂದು ಫೋನ್ ಮಾಡದೆ ಕೂರಬೇಡಿ.

3. ಪಶುವೈದ್ಯರಿಗೆ ಕರೆ ಮಾಡಿ. ತೂಕ, ವಯಸ್ಸು, ಮೊದಲೇ ಹೃದಯದ ತೊಂದರೆ ಇದೆಯೇ ಎಂಬುದನ್ನು ಹೇಳಿ. ಚಾಕೊಲೇಟಿನಲ್ಲಿ ಒಣದ್ರಾಕ್ಷಿಯೋ ಕಾಫಿ ಬೀಜವೋ ಇತ್ತೆಂದರೆ ಅದನ್ನೂ ತಪ್ಪದೆ ಹೇಳಿ.

4. ಬಾಯಿಗೆ ಏನನ್ನೂ ಹೊಯ್ಯಬೇಡಿ. ಎಲ್ಲರೂ ಎಡವುವುದು ಇಲ್ಲೇ. ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಪೆಟ್ಟು. ಹೈಡ್ರೋಜನ್ ಪೆರಾಕ್ಸೈಡನ್ನು ನಾಯಿಗೆ ಕೊಡುತ್ತಾರಂತೆ ಎಂದು ಬೆಕ್ಕಿಗೂ ಕೊಡುವವರಿದ್ದಾರೆ. ಬೆಕ್ಕಿನ ಜಠರದ ಒಳಪದರ ಅದಕ್ಕೆ ಸುಟ್ಟು ರಕ್ತ ಒಸರುತ್ತದೆ. ಎಣ್ಣೆಯನ್ನು ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ. ಗಂಟಲಿಗೆ ಬೆರಳು ಹಾಕಿದರೆ ನಿಮಗೆ ಕಡಿತ, ಅದಕ್ಕೆ ಗಾಯ. ಹಾಲು ವಿಷ ಮುರಿಯುತ್ತದೆ ಎಂಬುದು ಬರೀ ಮಾತು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೇ ಜೀರ್ಣವಾಗದು, ಭೇದಿ ಜಾಸ್ತಿಯಾದೀತು. ನೋವಿನ ಮಾತ್ರೆಯಂತೂ ಕೂಡದು: ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು.

ವಾಂತಿ ಮಾಡಿಸಬೇಕಿದ್ದರೆ ವೈದ್ಯರು ಚುಚ್ಚುಮದ್ದು ಕೊಟ್ಟು ಮಾಡಿಸುತ್ತಾರೆ. ಅದು ತಿಂದ ಮೊದಲ ಒಂದೆರಡು ಗಂಟೆಯಲ್ಲೇ ಚೆನ್ನಾಗಿ ಫಲಿಸುವುದು. ಆ ಹೊತ್ತನ್ನು ಅಡುಗೆಮನೆ ಮದ್ದಿನಲ್ಲಿ ಕಳೆಯಬೇಡಿ. 'ವಿಷ ಹೀರುವ' ಇದ್ದಿಲಿನ ಮಾತ್ರೆ ಮನೆಯಲ್ಲೇ ಇದೆ ಎನ್ನುವವರಿಗೂ ಇದೇ ಮಾತು. ಇದ್ದಿಲನ್ನು ವೈದ್ಯರೂ ಬಳಸುತ್ತಾರೆ, ಆದರೆ ಅಳತೆ ನೋಡಿ, ಬೆಕ್ಕಿಗೆ ನುಂಗುವ ಎಚ್ಚರ ಇದೆಯೇ ಎಂದು ಗಮನಿಸಿ ಕೊಡುತ್ತಾರೆ.

5. ಬುಟ್ಟಿಯಲ್ಲಿ ಕೂರಿಸಿ ಹೊರಡಿ, ಕಾಗದವೂ ಜೊತೆಗಿರಲಿ. ಬೆಕ್ಕು ಆರಾಮಾಗೇ ಇದೆಯಲ್ಲ ಎಂದು ಕಾಯಬೇಡಿ, ಲಕ್ಷಣ ಕಾಣಿಸಲು 2ರಿಂದ 12 ಗಂಟೆ ಹಿಡಿಯಬಹುದು. ವಿಪರೀತ ಬಾಯಾರಿಕೆ, ಏದುಸಿರು, ನಡುಕ ಕಂಡರಂತೂ ಫೋನಿಗೂ ನಿಲ್ಲದೆ ಓಡಿ.

ಥಿಯೋಬ್ರೊಮಿನ್‌ಗೆ ಪ್ರತಿವಿಷವಿಲ್ಲ. ಡ್ರಿಪ್ ಏರಿಸಿ, ಹೃದಯ, ಫಿಟ್ಸ್‌ಗಳಿಗೆ ಔಷಧ ಕೊಟ್ಟು, ವಿಷ ತಾನಾಗಿ ಇಳಿಯುವ ತನಕ ಕಾಪಾಡುವುದೇ ಚಿಕಿತ್ಸೆ. ಮೂತ್ರಕೋಶದಲ್ಲಿ ನಿಂತರೆ ಅದು ಮತ್ತೆ ರಕ್ತಕ್ಕೇ ಸೇರುತ್ತದೆ. ಅದಕ್ಕೇ ನಳಿಕೆ ಹಾಕಿ ಮೂತ್ರ ತೆಗೆಯುವುದುಂಟು, ಕಂಡು ಹೆದರಬೇಡಿ. ಲಕ್ಷಣಗಳು ಮೂರು ದಿನದವರೆಗೂ ಉಳಿಯಬಹುದು.

6. ಮುಂದಕ್ಕೆ, ಕೋಕೋ ಪುಡಿಯನ್ನು ತಿರುಗಿಸಿ ಮುಚ್ಚುವ ಸ್ಟೀಲ್ ಡಬ್ಬಿಯಲ್ಲೇ ಇಡಿ. ಕ್ಲಿಪ್ ಹಾಕಿದ ಪ್ಲಾಸ್ಟಿಕ್ ಚೀಲ ಬೆಕ್ಕಿನ ಹಲ್ಲಿಗೆ ಲೆಕ್ಕಕ್ಕೇ ಇಲ್ಲ. ಎತ್ತರದ ಕಪಾಟನ್ನು ನೆಚ್ಚಿಕೊಳ್ಳುವವರಿಗೆ ಏನು ಹೇಳುವುದು, ನೀವು ಸಾಕಿರುವುದು ಬೆಕ್ಕನ್ನು.