ಕರೆಂಟ್ ತೆಗೆದ್ರೂ ಬಣ್ಣ ಹೋಗದ ಡಿಸ್‌ಪ್ಲೇ: ನನ್ನ ಅನುಭವ

ಬ್ಯಾಕ್‌ಲೈಟ್ ಇಲ್ಲ, ಕಲರ್ ಫಿಲ್ಟರ್ ಇಲ್ಲ, ಆದ್ರೂ ಫುಲ್ ಕಲರ್. ಕೊಲೆಸ್ಟೆರಿಕ್ ಲಿಕ್ವಿಡ್ ಕ್ರಿಸ್ಟಲಲ್ಲಿ, ಅಂದ್ರೆ ದ್ರವದ ಹಾಗೆ ಹರಿದ್ರೂ ಅಣುಗಳು ಸುರುಳಿಯಾಗಿ ಜೋಡಿಸಿಕೊಂಡಿರುವ ವಸ್ತುವಲ್ಲಿ, ಇದು ಆಗ್ತದೆ. ಉಡುಪಿಯ ನಮ್ಮ ಲ್ಯಾಬಲ್ಲಿ ಮೂರು ಲೇಯರಿನ ಸಣ್ಣ ಪೀಸೊಂದು ಮಾಡಿದೆ, ಮಾಡ್ಬೇಕು ಅಂತ ಇರುವವರಿಗೆ ಉಪಯೋಗ ಆಗ್ಲಿ ಅಂತ ಬರೀತಿದ್ದೇನೆ.

ಮುಕ್ಕಾಲು ಕೆಲಸ ತಕ್ಕಡಿಯಲ್ಲೇ ಉಂಟು. ಇ7 ಅನ್ನುವ ನೆಮ್ಯಾಟಿಕ್‌ಗೆ (ಅಣುಗಳು ಒಂದೇ ಕಡೆಗೆ ಸಾಲಾಗಿ ನಿಲ್ಲುವ ಲಿಕ್ವಿಡ್ ಕ್ರಿಸ್ಟಲಿಗೆ) ಕೈರಲ್ ಡೋಪಂಟ್ (ಸುರುಳಿ ಸುತ್ತಿಸ್ಲಿಕ್ಕೆ ಸೇರಿಸುವ ವಸ್ತು) ಹಾಕಿದ್ರೆ ಅಣುಗಳು ಸುರುಳಿ ಸುತ್ತಿ ನಿಲ್ತವೆ, ಸುರುಳಿ ಒಂದು ಪೂರ್ತಿ ಸುತ್ತು ಬರುವ ಉದ್ದವನ್ನು, ಅಂದ್ರೆ ಪಿಚ್ಚನ್ನು, ಸುಮಾರು 1.6ರಿಂದ ಗುಣಿಸಿದ್ರೆ ಯಾವ ಬಣ್ಣ ವಾಪಸ್ ಬರ್ತದೆ ಅಂತ ಗೊತ್ತಾಗ್ತದೆ. ನೀಲಿಗೆ ಪಿಚ್ 290 ನ್ಯಾನೋಮೀಟರ್, ಹಸಿರಿಗೆ 340, ಕೆಂಪಿಗೆ 400. ಎಸ್811 ಅನ್ನುವ ಡೋಪಂಟ್ ಹಾಕಿದ್ರೆ ಮಿಶ್ರಣದ ಕಾಲು ಭಾಗದ ಹತ್ತಿರ ಡೋಪಂಟೇ ಆಗ್ತದೆ, ಅದಕ್ಕೆ ನಾನು ಅದಕ್ಕಿಂತ ಬಲವಾದ ಎಸ್5011 ತಗೊಂಡೆ, ಶೇಕಡಾ 3ರ ಆಸುಪಾಸು ಸಾಕು. ಆದ್ರೆ ಒಂದು ಗ್ರಾಂ ಮಿಶ್ರಣದಲ್ಲಿ 4 ಮಿಲಿಗ್ರಾಂ ಕಮ್ಮಿಯಾದ್ರೆ ಹಸಿರು ಇರಬೇಕಾದ್ದು ಕೆಂಪಿಗೆ ಹೋಗ್ತದೆ! ಹಾಗಾಗಿ ನೀಲಿ ಮೊದಲು ಮಾಡಿ, ಅದಕ್ಕೇ ಬರೀ ಇ7 ಸೇರಿಸ್ತಾ ಕೆಂಪಿಗೆ ತರುವುದು ಒಳ್ಳೇದು.

ಹಸಿರು ಲೇಯರ್ ಮಾತ್ರ ಬೇರೆ, ಅದಕ್ಕೆ ಎಸ್5011ರ ಜೋಡಿ ಆರ್5011, ಸುರುಳಿ ಉಲ್ಟಾ ದಿಕ್ಕಿಗೆ. ಒಂದು ಲೇಯರ್ ಒಂದೇ ದಿಕ್ಕಿಗೆ ತಿರುಗುವ ಬೆಳಕನ್ನು ವಾಪಸ್ ಕಳಿಸ್ತದೆ, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಸಿಗುವುದೇ ಇಲ್ಲ, ಮೂರೂ ಒಂದೇ ದಿಕ್ಕಾದ್ರೆ ಬಣ್ಣಗಳ ಅಂಚು ಒಂದರ ಮೇಲೊಂದು ಬೀಳುವ ಕಡೆ ಮೇಲಿನ ಲೇಯರೇ ಎಲ್ಲ ತಿಂದು ಬಿಡ್ತದೆ. ಉಲ್ಟಾ ಮಾಡಿದ ಮೇಲೆ ಬಿಳಿ ನಿಜವಾಗ್ಲೂ ಬಿಳಿ ಆಯ್ತು, ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ ಹೇಳಿ ಮುಗಿಯುವುದಿಲ್ಲ. ದಿಕ್ಕು ಚೆಕ್ ಮಾಡ್ಲಿಕ್ಕೆ 3ಡಿ ಸಿನಿಮಾದ ಕನ್ನಡಕ ಸಾಕು, ಒಂದು ಕಣ್ಣಲ್ಲಿ ಸೆಲ್ (ಎರಡು ಗ್ಲಾಸಿನ ನಡುವೆ ಮಿಶ್ರಣ ತುಂಬಿದ ಒಂದು ಲೇಯರ್) ಹೊಳೀತದೆ, ಇನ್ನೊಂದರಲ್ಲಿ ಕಪ್ಪು.

ಮೇಲೆ ನೀಲಿ, ನಡುವೆ ಹಸಿರು, ಅಡಿಯಲ್ಲಿ ಕೆಂಪು, ಎಲ್ಲದರ ಹಿಂದೆ ಕಪ್ಪು ಪೇಂಟ್. ಗ್ಲಾಸುಗಳ ನಡುವೆ ಗಾಳಿ ಉಳಿಯದ ಹಾಗೆ ಯುವಿ ಬೆಳಕಿಗೆ ಗಟ್ಟಿಯಾಗುವ ಗಮ್. ಸೆಲ್ ತುಂಬಿಸುವಾಗ 60 ಡಿಗ್ರಿ ದಾಟಿಸಿ ಬಿಸಿ ಮಾಡಿದ್ರೆ ತಾನಾಗೇ ಒಳಗೆ ಎಳೆದುಕೊಳ್ತದೆ. ನಮ್ಮ ಮಳೆಗಾಲದಲ್ಲಿ ಗ್ಲಾಸಿನ ಒಳಮೈಗೆ ಬಳಿದ ಪಾಲಿಇಮೈಡ್ (ಅಣುಗಳನ್ನು ಸಾಲಾಗಿ ನಿಲ್ಲಿಸುವ ತೆಳು ಪದರ) ನೀರು ಹೀರ್ತದೆ, ಗ್ಲಾಸನ್ನು ಓವನ್ನಲ್ಲಿ ಒಣಗಿಸಿ ಆ ಕೂಡ್ಲೇ ಅಂಟಿಸಿ, ನಾಳೆಗೆ ಇಡ್ಬೇಡಿ.

ನನ್ನ 5 ಮೈಕ್ರಾನ್ ಸೆಲ್‌ಗೆ 40 ವೋಲ್ಟಿನ ಹತ್ತಿರ ಎಸಿ ಕೊಟ್ಟು ಥಟ್ಟಂತ ನಿಲ್ಲಿಸಿದ್ರೆ ಬಣ್ಣ, ಅದರರ್ಧ ಕೊಟ್ರೆ ಸುರುಳಿಗಳು ಚೆದುರಿ ಹಿಂದಿನ ಕಪ್ಪು ಕಾಣ್ತದೆ. ಎರಡೂ ವೈರ್ ಕಿತ್ತರೂ ಹಾಗೇ ನಿಲ್ತದೆ. ಮಲ್ಪೆಯ ಮಧ್ಯಾಹ್ನದ ಬಿಸಿಲಲ್ಲಿ ಫೋನಿನ ಪಕ್ಕ ಇಟ್ಟು ನೋಡಿದೆ, ಫೋನ್ ಮಂಕು, ಇದು ಜಗಜಗ. ಓರೆ ಹಿಡಿದ್ರೆ ಮಾತ್ರ ಬಣ್ಣ ನೀಲಿ ಕಡೆಗೆ ಜಾರ್ತದೆ, ಅದು ಇದರ ಗುಣವೇ.

2009ರಲ್ಲಿ ಜಪಾನಲ್ಲಿ ಫುಜಿತ್ಸು ಇದೇ ತರ ಫ್ಲೆಪಿಯಾ ಅಂತ 8 ಇಂಚಿನ ಇ-ಬುಕ್ ರೀಡರ್ ಮಾರಿತ್ತು, 2,60,000 ಬಣ್ಣ, ಆದ್ರೆ ಪೂರ್ತಿ ಪೇಜ್ ಬದಲಾಗ್ಲಿಕ್ಕೆ 8 ಸೆಕೆಂಡ್. ವಿಡಿಯೋ ನೋಡುವವರಿಗೆ ಅದು ಆಗುವುದಿಲ್ಲ ಸರಿ, ಆದ್ರೆ ಬಸ್ ಸ್ಟ್ಯಾಂಡಿನ ಟೈಮಿಂಗ್ ಬೋರ್ಡಿಗೆ 8 ಸೆಕೆಂಡ್ ಒಂದು ವಿಷಯವೇ ಅಲ್ಲ.